ಸ್ಯಾಲಿ ಪಿಯರ್ಸನ್ ಅವರ ಹರ್ಡಲ್ಸ್ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾದ ಹರ್ಡಲ್ಸ್ ಓಟಗಾರ್ತಿ ಸ್ಯಾಲಿ ಪಿಯರ್ಸನ್ ಅವರ ಹೆಸರು ಬಂದಾಗಲೆಲ್ಲ ಪತ್ರಗಳಲ್ಲಿಯೂ ಎದುರುಬದುರಿನ ಮಾತಿನಲ್ಲಿಯೂ ಕೆಲವು ಪ್ರಶ್ನೆಗಳು ಮರಳಿ ಮರಳಿ ಬರುತ್ತವೆ. ಅವುಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಜೋಡಿಸಿದ್ದೇನೆ. ಆಟದ ಪರಿಚಯವೇ ಇಲ್ಲದವರ ಪ್ರಶ್ನೆಗಳು ಮೊದಲು ಬರುತ್ತವೆ, ಅಂಕಿಅಂಶಗಳನ್ನು ಅರೆದು ಕುಡಿದವರ ಪ್ರಶ್ನೆಗಳು ಕೊನೆಗೆ.

## ಮೊದಲ ಪರಿಚಯ

ಸ್ಯಾಲಿ ಪಿಯರ್ಸನ್ ಯಾರು? ಕ್ರಿಕೆಟ್ ಬಿಟ್ಟರೆ ಬೇರೆ ಆಟ ನನಗೆ ಅಷ್ಟಾಗಿ ಗೊತ್ತಿಲ್ಲ.

ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ 2012ರ ಲಂಡನ್ ಒಲಿಂಪಿಕ್ಸ್ ಚಿನ್ನವನ್ನೂ, 2011 ಮತ್ತು 2017ರ ವಿಶ್ವ ಚಾಂಪಿಯನ್‌ಶಿಪ್ ಚಿನ್ನಗಳನ್ನೂ ಗೆದ್ದ ಆಸ್ಟ್ರೇಲಿಯಾದ ಓಟಗಾರ್ತಿ. ಇವುಗಳ ಜೊತೆಗೆ 2008ರ ಬೀಜಿಂಗ್ ಒಲಿಂಪಿಕ್ಸ್ ಬೆಳ್ಳಿ, 2013ರ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್ ಬೆಳ್ಳಿ, ದೆಹಲಿ ಮತ್ತು ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಗಳ ಚಿನ್ನ, 2012ರ ವಿಶ್ವ ಒಳಾಂಗಣ ಚಾಂಪಿಯನ್‌ಶಿಪ್‌ನ 60 ಮೀಟರ್ ಹರ್ಡಲ್ಸ್ ಚಿನ್ನವೂ ಅವರ ಪಾಲಿಗೆ ಬಂದಿವೆ. 2019ರ ಆಗಸ್ಟ್‌ನಲ್ಲಿ, 32ನೆಯ ವಯಸ್ಸಿನಲ್ಲಿ, ಅವರು ನಿವೃತ್ತರಾದರು. ಪದಕಗಳ ಪಟ್ಟಿಯನ್ನಷ್ಟೇ ಓದಿದರೆ ಏರುತ್ತಲೇ ಹೋದ ಬದುಕಿನಂತೆ ಕಾಣುತ್ತದೆ. ಆದರೆ ಅವರು ಬಿದ್ದ ಮತ್ತು ಕಾಯುತ್ತ ಕುಳಿತ ವರ್ಷಗಳನ್ನೂ ಸೇರಿಸಿ ಓದಿದಾಗಲೇ ಆ ಪದಕಗಳ ತೂಕ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಹರ್ಡಲ್ಸ್ ಎಂದರೆ ಜಿಗಿಯುತ್ತ ಓಡುವುದು ತಾನೆ? ಅದರಲ್ಲಿ ಅಂಥದ್ದೇನಿದೆ?

ಜಿಗಿದವರು ಸೋಲುತ್ತಾರೆ. ಗಾಳಿಯಲ್ಲಿ ಇರುವಷ್ಟು ಹೊತ್ತು ಓಟಗಾರ್ತಿ ನೆಲವನ್ನು ಒದ್ದು ವೇಗ ಪಡೆಯಲಾರಳು. ಆದ್ದರಿಂದ ಹರ್ಡಲ್‌ನ ಮೇಲೆ ಆದಷ್ಟು ತಗ್ಗಿನಲ್ಲಿ ಹಾದು, ಮುಂದಿನ ಕಾಲನ್ನು ಕೂಡಲೇ ನೆಲಕ್ಕೆ ತರುವುದೇ ಇಲ್ಲಿಯ ವಿದ್ಯೆ. ಮಹಿಳೆಯರ 100 ಮೀಟರ್ ಓಟದಲ್ಲಿ 83.8 ಸೆಂಟಿಮೀಟರ್ ಎತ್ತರದ 10 ಹರ್ಡಲ್‌ಗಳಿರುತ್ತವೆ. ಆರಂಭದ ಗೆರೆಯಿಂದ ಮೊದಲನೆಯದಕ್ಕೆ 13 ಮೀಟರ್, ಅಲ್ಲಿಂದ ಒಂದಕ್ಕೊಂದು 8.5 ಮೀಟರ್, ಕೊನೆಯದರಿಂದ ಮುಕ್ತಾಯದ ಗೆರೆಗೆ 10.5 ಮೀಟರ್ ಅಂತರ.

ಸಾಮಾನ್ಯವಾಗಿ ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ, ಆಮೇಲೆ ಎರಡು ಹರ್ಡಲ್‌ಗಳ ನಡುವೆ ಮೂರೇ ಹೆಜ್ಜೆ. ಹರ್ಡಲ್‌ಗೆ ಸುಮಾರು ಎರಡು ಮೀಟರ್ ಮೊದಲೇ ನೆಲ ಬಿಟ್ಟು, ದಾಟಿದ ಮೇಲೆ ಸುಮಾರು ಒಂದು ಮೀಟರ್ ಆಚೆ ಕಾಲೂರುವುದರಿಂದ, ಆ ಮೂರು ಹೆಜ್ಜೆಗಳಿಗೆ ಉಳಿಯುವ ಜಾಗ ಐದೂವರೆ ಮೀಟರಿನಷ್ಟು ಮಾತ್ರ. ಉದ್ದದ ಹೆಜ್ಜೆ ಹಾಕಲು ಅಲ್ಲಿ ಅವಕಾಶವೇ ಇಲ್ಲ. ಹೆಜ್ಜೆ ಚಿಕ್ಕದಾಗಿರಬೇಕು, ಆದರೆ ಒಂದರ ಬೆನ್ನಿಗೆ ಒಂದು ಬೀಳುವ ಚುರುಕು ಮಾತ್ರ ಕಡಿಮೆಯಾಗಬಾರದು. ಪಿಯರ್ಸನ್ ಅವರಂಥವರು ಒಂದು ಹರ್ಡಲ್ ದಾಟಿ ಮುಂದಿನದನ್ನು ದಾಟಲು ಒಂದು ಸೆಕೆಂಡನ್ನೂ ತೆಗೆದುಕೊಳ್ಳುವುದಿಲ್ಲ.

ಓಡುವಾಗ ಹರ್ಡಲ್ ಕೆಡವಿದರೆ ಓಟಗಾರ್ತಿ ಔಟ್ ಆಗುತ್ತಾಳಾ?

ಇಲ್ಲ. ತಾಗಿ ಬಿದ್ದರೆ ದಂಡವಿಲ್ಲ. ಬೇಕೆಂದೇ ಕೆಡವಿದರೆ, ಹರ್ಡಲ್‌ನ ಪಕ್ಕದಿಂದ ಕಾಲು ತೂರಿಸಿದರೆ ಅಥವಾ ಬೇರೆಯವರಿಗೆ ಅಡ್ಡಿ ಮಾಡಿದರೆ ಮಾತ್ರ ಅನರ್ಹತೆ. ಆದರೆ ಪ್ರತಿ ತಾಗುವಿಕೆಗೂ ಲಯ ತಪ್ಪುತ್ತದೆ, ಒಮ್ಮೆ ತಪ್ಪಿದ ಲಯವನ್ನು ಹನ್ನೆರಡು ಚಿಲ್ಲರೆ ಸೆಕೆಂಡಿನೊಳಗೆ ಮರಳಿ ಹಿಡಿಯುವುದು ಬಹಳ ಕಷ್ಟ.

ಹಳೆಯ ಫಲಿತಾಂಶಗಳಲ್ಲಿ ಸ್ಯಾಲಿ ಮೆಕ್‌ಲೆಲನ್ ಎಂದು ಕಾಣುತ್ತದೆ. ಅವರು ಬೇರೆಯವರಾ?

ಒಬ್ಬರೇ. ಮೆಕ್‌ಲೆಲನ್ ಅವರ ತವರಿನ ಹೆಸರು. 2010ರ ಏಪ್ರಿಲ್‌ನಲ್ಲಿ ಮದುವೆಯಾದ ಮೇಲೆ ಪಿಯರ್ಸನ್ ಎಂಬ ಹೆಸರಿನಲ್ಲಿ ಓಡಿದರು. ಹೀಗಾಗಿ ಬೀಜಿಂಗ್‌ನ ಬೆಳ್ಳಿ ಒಂದು ಹೆಸರಿನಲ್ಲಿಯೂ ಲಂಡನ್ನಿನ ಚಿನ್ನ ಇನ್ನೊಂದು ಹೆಸರಿನಲ್ಲಿಯೂ ದಾಖಲಾಗಿವೆ.

ಅವರು ಹುಟ್ಟಿ ಬೆಳೆದದ್ದು ಎಲ್ಲಿ? ಮನೆಯವರು ಕ್ರೀಡಾಪಟುಗಳೇ?

1986ರ ಸೆಪ್ಟೆಂಬರ್ 19ರಂದು ಸಿಡ್ನಿಯಲ್ಲಿ ಹುಟ್ಟಿದರು. ತಾಯಿ ಆ್ಯನ್ ಒಬ್ಬರೇ ದುಡಿದು ಮಗಳನ್ನು ಸಾಕಿದರು. ಕ್ವೀನ್ಸ್‌ಲ್ಯಾಂಡಿನ ಮರುಭೂಮಿಯ ಅಂಚಿನಲ್ಲಿರುವ ಬರ್ಡ್ಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಕೆಲಕಾಲ ಇದ್ದು, ಸ್ಯಾಲಿಗೆ ಎಂಟು ವರ್ಷವಾಗಿದ್ದಾಗ ತಾಯಿ ಮಗಳು ಕಡಲ ತೀರದ ಗೋಲ್ಡ್ ಕೋಸ್ಟ್‌ಗೆ ಬಂದು ನೆಲೆಸಿದರು. ಹನ್ನೆರಡರ ಆಸುಪಾಸಿನಲ್ಲಿದ್ದ ಈ ಹುಡುಗಿಯ ಓಟ ಅಲ್ಲಿನ ತರಬೇತುದಾರ್ತಿ ಶ್ಯಾರನ್ ಹ್ಯಾನನ್ ಅವರ ಕಣ್ಣಿಗೆ ಬಿತ್ತು. ಮುಂದೆ 2013ರ ಕೊನೆಯವರೆಗೂ ಅವರೇ ತರಬೇತಿ ಕೊಟ್ಟರು. ಶಾಲೆಯ ಹುಡುಗಿಯನ್ನು ಒಲಿಂಪಿಕ್ ಚಾಂಪಿಯನ್ ಆಗುವವರೆಗೆ ಒಬ್ಬರೇ ತರಬೇತುದಾರರು ಕೈಹಿಡಿದು ನಡೆಸುವುದು ಅಪರೂಪ. ಪಿಯರ್ಸನ್ ಅವರ ಕಥೆ ಹೇಳುವಾಗ ಹ್ಯಾನನ್ ಅವರ ಹೆಸರನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ.

## ಏರಿಕೆಯ ವರ್ಷಗಳು

ಶುರುವಿನಿಂದಲೂ ಹರ್ಡಲ್ಸನ್ನೇ ಓಡುತ್ತಿದ್ದರೇ, ಇಲ್ಲ ಆಮೇಲೆ ಬದಲಾಯಿಸಿಕೊಂಡರೇ?

ಬಹಳ ವರ್ಷ ಎರಡನ್ನೂ ಓಡಿದರು. 2003ರಲ್ಲಿ ಕೆನಡಾದ ಶೆರ್ಬ್ರೂಕ್‌ನಲ್ಲಿ ನಡೆದ ವಿಶ್ವ ಯುವ ಚಾಂಪಿಯನ್‌ಶಿಪ್‌ನಲ್ಲಿ 100 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದರು. ಅದೇ ವರ್ಷ, ಹದಿನಾರರ ವಯಸ್ಸಿನಲ್ಲಿ, ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದದ್ದು 4x100 ಮೀಟರ್ ರಿಲೇ ತಂಡದ ಸದಸ್ಯೆಯಾಗಿ. ಮರುವರ್ಷ ಇಟಲಿಯ ಗ್ರೊಸೆಟೊದಲ್ಲಿ ನಡೆದ ವಿಶ್ವ ಜೂನಿಯರ್ ಕೂಟದಲ್ಲಿ ಕಂಚು ಬಂದದ್ದು ಹರ್ಡಲ್ಸ್‌ನಲ್ಲಿ ಅಲ್ಲ, ಬರೀ 100 ಮೀಟರ್ ಓಟದಲ್ಲಿ. 2007ರಲ್ಲಿ 100 ಮೀಟರನ್ನು 11.14 ಸೆಕೆಂಡಿನಲ್ಲಿ ಓಡಿದರು.

ಈ ಎರಡು ದೋಣಿಯ ಪಯಣ ಅವರಿಗೆ ನಷ್ಟವನ್ನೇನೂ ಮಾಡಲಿಲ್ಲ. ಹರ್ಡಲ್ಸ್‌ನಲ್ಲಿ ತಂತ್ರವೆಷ್ಟೇ ಚೆನ್ನಾಗಿದ್ದರೂ ನೇರ ಓಟದ ವೇಗ ಇಲ್ಲದಿದ್ದರೆ ಒಂದು ಮಿತಿಯಾಚೆ ಹೋಗಲಾಗದು. 11.14 ಓಡಬಲ್ಲ ಕಾಲುಗಳಿಗೆ ಹರ್ಡಲ್ ದಾಟುವ ವಿದ್ಯೆ ಪೂರ್ತಿ ಒಲಿದಾಗ ಏನಾಗುತ್ತದೆ ಎಂಬುದು 2011ರಲ್ಲಿ ಕಂಡಿತು.

ತವರಿನ ಜನರ ಮುಂದೆಯೇ ಬಿದ್ದರಂತಲ್ಲ, ಅದು ಯಾವಾಗ?

2006ರ ಮಾರ್ಚ್‌ನಲ್ಲಿ, ಮೆಲ್ಬರ್ನ್ ಕಾಮನ್‌ವೆಲ್ತ್ ಕೂಟದ ಹರ್ಡಲ್ಸ್ ಫೈನಲ್‌ನಲ್ಲಿ. ಪದಕ ಕೈಗೆಟುಕುವಂತಿದ್ದಾಗ ಹರ್ಡಲ್‌ಗೆ ಕಾಲು ತಾಗಿ ನೆಲಕ್ಕುರುಳಿದರು. ಆಗ ಅವರಿಗೆ ಹತ್ತೊಂಬತ್ತು. ಅದೇ ಕೂಟದಲ್ಲಿ ರಿಲೇ ತಂಡದೊಡನೆ ಕಂಚು ಗೆದ್ದರು.

ಬೀಜಿಂಗ್‌ನಲ್ಲಿ ಬೆಳ್ಳಿ ಸಿಕ್ಕಿದ್ದು ಲೋಲೋ ಜೋನ್ಸ್ ಎಡವಿದ್ದರಿಂದಲ್ಲವೇ?

ಅರ್ಧ ಸತ್ಯ. 2008ರ ಫೈನಲ್‌ನಲ್ಲಿ ಅಮೆರಿಕದ ಲೋಲೋ ಜೋನ್ಸ್ ಮುಂದಿದ್ದರು, ಒಂಬತ್ತನೆಯ ಹರ್ಡಲ್‌ಗೆ ಕಾಲು ಬಡಿದು ಏಳನೆಯವರಾದರು. ಆ ಬಾಗಿಲು ತೆರೆದದ್ದು ನಿಜ. ಆದರೆ ತೆರೆದ ಬಾಗಿಲಿನ ಮುಂದೆ ಒಬ್ಬರೇ ನಿಂತಿರಲಿಲ್ಲ. ಡಾನ್ ಹಾರ್ಪರ್ 12.54ರಲ್ಲಿ ಚಿನ್ನ ಗೆದ್ದ ಮೇಲೆ, ಆಗಿನ್ನೂ ಮೆಕ್‌ಲೆಲನ್ ಆಗಿದ್ದ ಸ್ಯಾಲಿ ಮತ್ತು ಕೆನಡಾದ ಪ್ರಿಸಿಲ್ಲಾ ಲೋಪ್ಸ್-ಷ್ಲೀಪ್ ಇಬ್ಬರ ಹೆಸರಿನ ಮುಂದೆಯೂ 12.64 ಎಂದೇ ಬಂತು. ಫೋಟೊ ನೋಡಿ ಇಬ್ಬರನ್ನೂ ಬೇರ್ಪಡಿಸಬೇಕಾಯಿತು. ಎರಡು ವರ್ಷ ಹಿಂದೆ ಹರ್ಡಲ್‌ಗೆ ತಾಗಿ ಬಿದ್ದಿದ್ದವರು, ಒಲಿಂಪಿಕ್ಸ್ ಫೈನಲ್‌ನಲ್ಲಿ ಪಕ್ಕದವರ ಲಯ ತಪ್ಪುತ್ತಿದ್ದಾಗಲೂ ತಮ್ಮ ಲಯವನ್ನು ಬಿಡದೆ ಓಡಿದ್ದನ್ನು ಅದೃಷ್ಟವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಫಲಿತಾಂಶ ಕಂಡು ಟ್ರ್ಯಾಕಿನ ಮೇಲೆ ಮಗುವಿನಂತೆ ಕುಣಿದಾಡಿದ ಆ ಸಂಭ್ರಮದಿಂದಲೇ ಆಸ್ಟ್ರೇಲಿಯಾದ ಮನೆಮನೆಗೂ ಅವರ ಪರಿಚಯವಾಯಿತು.

ದೆಹಲಿಯಲ್ಲಿ 100 ಮೀಟರ್ ಗೆದ್ದ ಮೇಲೆ ಚಿನ್ನ ಕಿತ್ತುಕೊಂಡರು ಎಂದು ಕೇಳಿದ್ದೇನೆ. ನಿಜವಾಗಿ ನಡೆದದ್ದೇನು?

2010ರ ಅಕ್ಟೋಬರ್‌ನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆದ ಈ ಪ್ರಸಂಗವನ್ನು ಅರ್ಥಮಾಡಿಕೊಳ್ಳಲು ನಿಯಮವೊಂದನ್ನು ತಿಳಿದಿರಬೇಕು. ಅದೇ ವರ್ಷದ ಜನವರಿಯಿಂದ ಓಟಗಳಲ್ಲಿ ಒಂದೇ ಒಂದು ಬಾರಿ ತಪ್ಪು ಆರಂಭ ಮಾಡಿದರೂ ಹೊರಹೋಗಬೇಕೆಂಬ ನಿಯಮ ಜಾರಿಗೆ ಬಂದಿತ್ತು. ಫೈನಲ್‌ನ ಆರಂಭದಲ್ಲಿ ಇಂಗ್ಲೆಂಡಿನ ಲಾರಾ ಟರ್ನರ್ ಮೇಲೆ ತಪ್ಪು ಆರಂಭದ ಆರೋಪ ಬಂತು. ಪಿಯರ್ಸನ್ ಕೂಡ ಗುಂಡಿನ ಸದ್ದಿಗೆ ಮೊದಲೇ ಅಲುಗಾಡಿದ್ದರೆಂಬುದು ಆಮೇಲೆ ಹೊರಬಿತ್ತು. ಗೊಂದಲದ ನಡುವೆಯೇ ಓಟ ನಡೆದು ಅವರು 11.28ರಲ್ಲಿ ಮೊದಲಿಗರಾದರು, ರಾಷ್ಟ್ರಧ್ವಜ ಹೊದ್ದು ಸಂಭ್ರಮಿಸಿದರು. ಇಂಗ್ಲೆಂಡ್ ತಂಡ ಆಕ್ಷೇಪ ಸಲ್ಲಿಸಿತು, ಆ ರಾತ್ರಿಯೇ ಅವರನ್ನು ಅನರ್ಹಗೊಳಿಸಲಾಯಿತು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಚಿನ್ನ ಪಡೆದ ನೈಜೀರಿಯಾದ ಒಸಯೆಮಿ ಒಲುಡಮೊಲಾ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೊನೆಗೆ ಅದು ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್‌ನ ನತಾಶಾ ಮೇಯರ್ಸ್ ಅವರ ಕೊರಳಿಗೆ ಬಂತು. ಗೆರೆ ಮೊದಲು ದಾಟಿದ ಇಬ್ಬರೂ ಹೀಗೆ ಪಟ್ಟಿಯಿಂದ ಹೊರಬಿದ್ದರು.

ನಿಯಮದ ಪ್ರಕಾರ ಅನರ್ಹತೆ ಸರಿಯೇ. ಆದರೆ ಓಡಲು ಬಿಟ್ಟು, ಗೆದ್ದರೆಂದು ನಂಬಿಸಿ, ಆಮೇಲೆ ಹೇಳಿದ ರೀತಿ ಒಪ್ಪುವಂಥದ್ದಲ್ಲ. ತಪ್ಪಿದ್ದರೆ ಬ್ಲಾಕಿನ ಬಳಿಯಲ್ಲಿಯೇ ಹೇಳಬೇಕಿತ್ತು. ಇಷ್ಟೆಲ್ಲ ಆದ ಮೇಲೆಯೂ ಕೆಲವೇ ದಿನಗಳಲ್ಲಿ ಅದೇ ಟ್ರ್ಯಾಕಿಗೆ ಮರಳಿ 100 ಮೀಟರ್ ಹರ್ಡಲ್ಸನ್ನು 12.67ರಲ್ಲಿ ಗೆದ್ದರು. ಕನ್ನಡಿಗರಿಗೆ ಆ ಕ್ರೀಡಾಂಗಣ ಇನ್ನೊಂದು ಕಾರಣಕ್ಕೆ ನೆನಪಿರುತ್ತದೆ. ಉಡುಪಿ ಜಿಲ್ಲೆಯ ಸಿದ್ದಾಪುರದ, ಸ್ವತಃ 400 ಮೀಟರ್ ಹರ್ಡಲ್ಸ್ ಓಟಗಾರ್ತಿಯಾದ ಅಶ್ವಿನಿ ಅಕ್ಕುಂಜಿ ಅವರಿದ್ದ ಭಾರತದ 4x400 ಮೀಟರ್ ರಿಲೇ ತಂಡ ಚಿನ್ನ ಗೆದ್ದದ್ದು ಅದೇ ಕೂಟದಲ್ಲಿ.

2011ರಲ್ಲಿ ಅಂಥದ್ದೇನು ಬದಲಾಯಿತು?

ಬೀಜಿಂಗ್‌ನಲ್ಲಿ 12.64 ಓಡಿದ್ದ ಅವರು 2009ರ ಜುಲೈನಲ್ಲಿ ಮೊನಾಕೊದಲ್ಲಿ 12.50ಕ್ಕೆ ಬಂದಿದ್ದರು. ಅದೇ ವರ್ಷ ಬರ್ಲಿನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆನ್ನುನೋವಿನೊಂದಿಗೆ ಓಡಿ ಐದನೆಯವರಾದರು. ಎರಡು ವರ್ಷಗಳ ನಂತರ, 2011ರ ಸೆಪ್ಟೆಂಬರ್ 3ರಂದು ದಕ್ಷಿಣ ಕೊರಿಯಾದ ದೇಗುವಿನಲ್ಲಿ, ಸೆಮಿಫೈನಲ್ 12.36, ಫೈನಲ್ 12.28. ಎರಡನೆಯ ಮತ್ತು ಮೂರನೆಯ ಸ್ಥಾನದ ಡ್ಯಾನಿಯೆಲ್ ಕರುದರ್ಸ್ ಮತ್ತು ಡಾನ್ ಹಾರ್ಪರ್ ಇಬ್ಬರದೂ 12.47. ಈ ಆಟದಲ್ಲಿ ಸೆಕೆಂಡಿನ ನೂರರಲ್ಲಿ ಹತ್ತೊಂಬತ್ತು ಭಾಗದ ಅಂತರವೆಂದರೆ ಉಳಿದವರು ಬೇರೆಯೇ ಓಟದಲ್ಲಿದ್ದಂತೆ.

12.50ರಿಂದ 12.28ಕ್ಕೆ ಇಳಿಯುವುದೆಂದರೆ, ಹತ್ತು ಹರ್ಡಲ್‌ಗಳಿಗೆ ಹಂಚಿ ನೋಡಿದಾಗ, ಪ್ರತಿಯೊಂದರಲ್ಲಿಯೂ ಸೆಕೆಂಡಿನ ನೂರರಲ್ಲಿ ಎರಡು ಭಾಗಕ್ಕಿಂತ ತುಸು ಹೆಚ್ಚನ್ನು ಉಳಿಸುವುದು. ಒಂದು ಹರ್ಡಲ್‌ನಲ್ಲಿ ಅದು ಕಣ್ಣಿಗೂ ಕಾಣದು. ಹತ್ತರಲ್ಲಿಯೂ ತಪ್ಪದೆ ಉಳಿಸಲು ವರ್ಷಗಟ್ಟಲೆ ಒಂದೇ ಚಲನೆಯನ್ನು ತಿದ್ದುತ್ತಿರಬೇಕು. ಆ ವರ್ಷ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ವರ್ಷದ ಶ್ರೇಷ್ಠ ಅಥ್ಲೀಟ್ ಗೌರವ ಪುರುಷರಲ್ಲಿ ಉಸೇನ್ ಬೋಲ್ಟ್ ಅವರಿಗೆ, ಮಹಿಳೆಯರಲ್ಲಿ ಪಿಯರ್ಸನ್ ಅವರಿಗೆ ಸಂದಿತು. ಆಸ್ಟ್ರೇಲಿಯಾದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆದರೆ ದೇಗುವಿನ ನಂತರ ಕೆಲವೇ ದಿನಗಳಲ್ಲಿ ಬ್ರಸೆಲ್ಸ್‌ನಲ್ಲಿ ಹರ್ಡಲ್‌ಗೆ ತಾಗಿ ಬಿದ್ದರು ಎಂಬುದನ್ನೂ ಇಲ್ಲಿಯೇ ಹೇಳಬೇಕು. ವೇಗ ಹೆಚ್ಚಿದಷ್ಟೂ ಹರ್ಡಲ್ ಬೇಗ ಎದುರಾಗುತ್ತದೆ, ತಪ್ಪಿಗೆ ಇರುವ ಜಾಗ ಕಿರಿದಾಗುತ್ತ ಹೋಗುತ್ತದೆ.

ಲಂಡನ್ ಒಲಿಂಪಿಕ್ಸ್‌ನಲ್ಲಿ ಗೆಲ್ಲುವುದು ಖಚಿತವಾಗಿತ್ತೇ?

ನಿರೀಕ್ಷೆ ಖಚಿತವಾಗಿತ್ತು, ಗೆಲುವಲ್ಲ. 2012ರ ಮಾರ್ಚ್‌ನಲ್ಲಿ ಇಸ್ತಾಂಬುಲ್‌ನಲ್ಲಿ 60 ಮೀಟರ್ ಹರ್ಡಲ್ಸನ್ನು 7.73ರಲ್ಲಿ ಗೆದ್ದು ವಿಶ್ವ ಒಳಾಂಗಣ ಚಾಂಪಿಯನ್ ಆಗಿದ್ದರು. ಆದರೆ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿರುವಾಗ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಅಮೆರಿಕದ ಕೆಲ್ಲಿ ವೆಲ್ಸ್ ಅವರೆದುರು ಸೋತಿದ್ದರು. ಆಗಸ್ಟ್ 7ರ ಫೈನಲ್‌ಗೆ ಮಳೆಯಾಗಿ ಟ್ರ್ಯಾಕ್ ಒದ್ದೆಯಾಗಿತ್ತು, ಎದುರುಗಾಳಿ ಅಲ್ಪ ಪ್ರಮಾಣದಲ್ಲಿತ್ತು. ಪಿಯರ್ಸನ್ 12.35, ಹಾರ್ಪರ್ 12.37, ವೆಲ್ಸ್ 12.48, ಲೋಲೋ ಜೋನ್ಸ್ 12.58. ಅಥೆನ್ಸ್‌ನಲ್ಲಿ ಜೊವಾನಾ ಹೇಯ್ಸ್ ಬರೆದಿದ್ದ 12.37ರ ಒಲಿಂಪಿಕ್ಸ್ ದಾಖಲೆ ಮುರಿಯಿತು.

ಸೆಕೆಂಡಿನ ನೂರರಲ್ಲಿ ಎರಡು ಭಾಗವನ್ನು ನೆಲದ ಮೇಲೆ ಅಳೆದರೆ ಸುಮಾರು ಹದಿನಾರು ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಆ ಲಂಡನ್ ಕೂಟದ ದಿನಗಳಲ್ಲಿ ಆಸ್ಟ್ರೇಲಿಯಾಕ್ಕೆ ಅಥ್ಲೆಟಿಕ್ಸ್‌ನಲ್ಲಿ ದಕ್ಕಿದ ಒಂದೇ ಚಿನ್ನ ಅದು. 50 ಕಿಲೋಮೀಟರ್ ನಡಿಗೆಯಲ್ಲಿ ಬೆಳ್ಳಿ ಪಡೆದಿದ್ದ ಜ್ಯಾರೆಡ್ ಟ್ಯಾಲೆಂಟ್ ಅವರಿಗೆ ಚಿನ್ನ ಸಂದದ್ದು, ರಷ್ಯಾದ ವಿಜೇತ ಉದ್ದೀಪನ ಮದ್ದಿನ ಕಾರಣಕ್ಕೆ ಅನರ್ಹಗೊಂಡ ಮೇಲೆ, 2016ರಲ್ಲಿ.

## ಪೆಟ್ಟು, ಕಾಯುವಿಕೆ, ಮರಳಿಕೆ

ಲಂಡನ್ ನಂತರ ಫಾರ್ಮ್ ಹೋಯಿತು ಎನ್ನುತ್ತಾರಲ್ಲ?

ಫಾರ್ಮ್ ಎನ್ನುವುದಕ್ಕಿಂತ ದೇಹ ಎನ್ನುವುದು ಸರಿ. 2013ರಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ಗಾಯದಿಂದ ವರ್ಷದ ಬಹುಭಾಗ ಹಾಳಾಯಿತು. ಹಾಗಿದ್ದೂ ಮಾಸ್ಕೋದಲ್ಲಿ 12.50 ಓಡಿ, 12.44ರ ಬ್ರಿಯಾನಾ ರಾಲಿನ್ಸ್ ಹಿಂದೆ ಬೆಳ್ಳಿ ಪಡೆದರು. 2014ರಲ್ಲಿ ಪೋಲೆಂಡಿನ ಸೊಪೊಟ್‌ನಲ್ಲಿ ಒಳಾಂಗಣ ಬೆಳ್ಳಿ, ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತ್ ಚಿನ್ನ. ಗ್ಲಾಸ್ಗೋದ ಸಮಯವೂ ದೆಹಲಿಯದ್ದೇ, 12.67. ಇಷ್ಟು ಪದಕ ಬಂದ ಎರಡು ವರ್ಷಗಳನ್ನು ಕುಸಿತ ಎನ್ನುವುದಾದರೆ, ಅದು 12.28ರ ನೆರಳು ಅಷ್ಟು ಉದ್ದವಾಗಿದ್ದುದರಿಂದ ಮಾತ್ರ.

ಕೈ ಮುರಿದುಕೊಂಡರೆ ಓಟಕ್ಕೇನು ತೊಂದರೆ? ಕಾಲಲ್ಲವಲ್ಲ?

ಈ ಪ್ರಶ್ನೆಯನ್ನು ಬಹಳ ಮಂದಿ ಕೇಳುತ್ತಾರೆ. 2015ರ ಜೂನ್ 4ರಂದು ರೋಮ್‌ನ ಡೈಮಂಡ್ ಲೀಗ್ ಓಟದಲ್ಲಿ ಹರ್ಡಲ್‌ಗೆ ತಾಗಿ ಬಿದ್ದಾಗ ದೇಹದ ಭಾರವೆಲ್ಲ ಚಾಚಿದ ಕೈಯ ಮೇಲೆ ಬಂದು ಎಡ ಮಣಿಕಟ್ಟಿನ ಬಳಿ ಮೂಳೆ ಕೆಟ್ಟದಾಗಿ ಮುರಿಯಿತು. ವೇಗದ ಓಟ ಆರಂಭವಾಗುವುದೇ ಕೈಗಳಿಂದ. ಬ್ಲಾಕಿನಲ್ಲಿ ಕುಳಿತಾಗ ಭುಜದ ಭಾರವನ್ನು ಹೊರುವುದು ಬೆರಳುಗಳು. ಹರ್ಡಲ್‌ನ ಮೇಲೆ ಮೈ ಓಲಾಡದಂತೆ ತಡೆಯುವುದು ಮುಂದಿನ ಕಾಲಿಗೆ ಎದುರಾಗಿ ಚಾಚುವ ತೋಳು. ಭಾರ ಎತ್ತುವ ವ್ಯಾಯಾಮವೂ ಕೈಯಿಲ್ಲದೆ ನಡೆಯದು. ಆ ವರ್ಷದ ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್ ತಪ್ಪಿತು. ಮರುವರ್ಷ ಒಲಿಂಪಿಕ್ಸ್ ಹತ್ತಿರ ಬಂದಾಗ ತೊಡೆಯ ಸ್ನಾಯು ಹರಿದು, ರಿಯೊದಲ್ಲಿ ಚಾಂಪಿಯನ್ ಪಟ್ಟ ಉಳಿಸಿಕೊಳ್ಳುವ ಅವಕಾಶವೂ ಕೈತಪ್ಪಿತು.

ತರಬೇತುದಾರರೇ ಇಲ್ಲದೆ 2017ರಲ್ಲಿ ಗೆದ್ದರು ಎಂಬುದು ನಿಜವೇ? ಅದು ಹೇಗೆ ಸಾಧ್ಯ?

ನಿಜ. ಹ್ಯಾನನ್ ಅವರಿಂದ ಬೇರ್ಪಟ್ಟ ಮೇಲೆ ಬೇರೆ ತರಬೇತುದಾರರ ಬಳಿ ಅಭ್ಯಾಸ ಮಾಡಿದ ಪಿಯರ್ಸನ್, ಕೊನೆಗೆ ತಮ್ಮ ತರಬೇತಿಯನ್ನು ತಾವೇ ವಹಿಸಿಕೊಂಡರು. ಎರಡು ದೊಡ್ಡ ಕೂಟಗಳನ್ನು ಕಳೆದುಕೊಂಡ, ಮೂವತ್ತು ದಾಟಿದ ಓಟಗಾರ್ತಿ ಹಾಗೆ ಮಾಡಿದಾಗ ಸಂದೇಹಪಟ್ಟವರನ್ನು ದೂರಲಾಗದು. ಓಡುತ್ತಿರುವವರಿಗೆ ತಮ್ಮ ಹಿಂದಿನ ಕಾಲು ಹರ್ಡಲ್‌ನ ಮೇಲೆ ಹೇಗೆ ತಿರುಗುತ್ತಿದೆ ಎಂಬುದು ಕಾಣುವುದಿಲ್ಲ. ಆ ಕಣ್ಣು ಹೊರಗಿನವರದೇ ಆಗಿರಬೇಕು. ಆದರೆ ಇವರ ಬಳಿ ಹದಿನಾಲ್ಕು ವರ್ಷ ಒಂದೇ ಗರಡಿಯಲ್ಲಿ ಕಲಿತ ಪಾಠವಿತ್ತು. ಜೊತೆಗೆ ಯಾವ ನೋವು ತಡೆಯಬಲ್ಲದ್ದು, ಯಾವುದು ಸ್ನಾಯು ಹರಿಯುವ ಮುನ್ಸೂಚನೆ ಎಂಬುದನ್ನು ಗಾಯಗಳೇ ಕಲಿಸಿದ್ದವು.

ಒಲಿಂಪಿಕ್ಸ್ ಗೆದ್ದ ಅದೇ ಲಂಡನ್ ಕ್ರೀಡಾಂಗಣದಲ್ಲಿ 2017ರ ಆಗಸ್ಟ್ 12ರಂದು ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಎದುರಿಗಿದ್ದವರು ಹಿಂದಿನ ವರ್ಷ ಅದೇ ಟ್ರ್ಯಾಕಿನಲ್ಲಿ 12.20ರ ವಿಶ್ವದಾಖಲೆ ಬರೆದಿದ್ದ ಅಮೆರಿಕದ ಕೆಂಡ್ರಾ ಹ್ಯಾರಿಸನ್. ಪಿಯರ್ಸನ್ 12.59ರಲ್ಲಿ ಗೆದ್ದರು, ಹಾರ್ಪರ್ 12.63, ಜರ್ಮನಿಯ ಪಮೇಲಾ ಡಟ್ಕೆವಿಚ್ 12.72. ಹ್ಯಾರಿಸನ್ 12.74ರಲ್ಲಿ ನಾಲ್ಕನೆಯವರು. ದೇಗುವಿನ ಸಮಯಕ್ಕೆ ಹೋಲಿಸಿದರೆ ಇದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ನಿಧಾನ. ಆದರೂ ಅವರ ಬದುಕಿನ ದೊಡ್ಡ ಓಟ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. 12.28 ಓಡಿದಾಗ ಅವರ ದೇಹ ಪೂರ್ತಿ ಅವರ ಮಾತು ಕೇಳುತ್ತಿತ್ತು. 12.59 ಓಡಿದಾಗ ಆ ದೇಹದಿಂದ ಎಷ್ಟು ಕೇಳಬಹುದು, ಯಾವ ದಿನ ಕೇಳಬಹುದು ಎಂಬುದನ್ನು ಅವರೇ ಲೆಕ್ಕ ಹಾಕಿದ್ದರು, ಆ ಲೆಕ್ಕ ತಪ್ಪಲಿಲ್ಲ.

ತಮ್ಮ ಊರಿನಲ್ಲಿಯೇ ನಡೆದ ಕಾಮನ್‌ವೆಲ್ತ್ ಕೂಟದಲ್ಲಿ ಏಕೆ ಓಡಲಿಲ್ಲ?

2018ರ ಕೂಟ ಗೋಲ್ಡ್ ಕೋಸ್ಟ್‌ನಲ್ಲಿ ನಡೆಯಿತು. ಉದ್ಘಾಟನೆಯ ದಿನ ರಾಣಿಯ ಬೇಟನ್ ಹಿಡಿದು ಕ್ರೀಡಾಂಗಣದಲ್ಲಿ ಕೊನೆಯ ಓಟ ಓಡಿದವರು ಪಿಯರ್ಸನ್. ಅದರ ಬೆನ್ನಿಗೇ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜಿನ ನೋವಿನಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಬೇಕಾಯಿತು. ಆ ಹರ್ಡಲ್ಸ್ ಚಿನ್ನ ನೈಜೀರಿಯಾದ ಟೋಬಿ ಅಮುಸಾನ್ ಅವರಿಗೆ ಹೋಯಿತು. ಎಂಟನೆಯ ವಯಸ್ಸಿನಿಂದ ಬೆಳೆದ ಊರಿನಲ್ಲಿ, ಹಾಲಿ ವಿಶ್ವ ಚಾಂಪಿಯನ್ ಆಗಿದ್ದೂ ಪಕ್ಕದಲ್ಲಿ ಕುಳಿತು ನೋಡಬೇಕಾದದ್ದು ಅವರ ಬದುಕಿನ ಅತ್ಯಂತ ಕಹಿ ಗಳಿಗೆಯಾಗಿರಬೇಕು ಎಂದು ನನಗನ್ನಿಸುತ್ತದೆ. ಮುಂದಿನ ವರ್ಷವೂ ಗಾಯಗಳು ಬಿಡಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ಗೆ ಒಂದು ವರ್ಷವಿದೆ ಎನ್ನುವಾಗ, ಇನ್ನು ದೇಹ ತಾಳದು ಎಂದು ಒಪ್ಪಿಕೊಂಡು ಓಟ ನಿಲ್ಲಿಸಿದರು.

## ಆಳಕ್ಕಿಳಿದವರ ಪ್ರಶ್ನೆಗಳು

ಈಗ ಎಷ್ಟೋ ಜನ 12.28ಕ್ಕಿಂತ ಬೇಗ ಓಡುತ್ತಾರೆ. ಹಾಗಾದರೆ ಅದೇನು ಅಷ್ಟು ದೊಡ್ಡ ವಿಷಯ?

ಅದು ಬಂದ ದಿನ ಎಲ್ಲಿತ್ತು ಎಂಬುದನ್ನು ನೋಡಬೇಕು. 2011ರಲ್ಲಿ ಅವರಿಗಿಂತ ವೇಗವಾಗಿ ಓಡಿದ್ದವರು ಚರಿತ್ರೆಯಲ್ಲಿ ಮೂವರೇ. ಬಲ್ಗೇರಿಯಾದ ಯೊರ್ಡಾಂಕಾ ಡೊಂಕೊವಾ 12.21, ಅವರದೇ ದೇಶದ ಗಿಂಕಾ ಝಗೊರ್ಚೆವಾ 12.25, ರಷ್ಯಾದ ಲುಡ್ಮಿಲಾ ನರೊಝಿಲೆಂಕೊ 12.26. ಈ ಮೂರರಲ್ಲಿ ತೀರಾ ಈಚಿನದು 1992ರದ್ದು. ಎಂದರೆ ಸುಮಾರು ಇಪ್ಪತ್ತು ವರ್ಷ ಯಾರೂ ಮುಟ್ಟದಿದ್ದ ಎತ್ತರಕ್ಕೆ ಪಿಯರ್ಸನ್ ಹೋಗಿದ್ದರು. ಝಗೊರ್ಚೆವಾ 1987ರಲ್ಲಿ ಬರೆದಿದ್ದ ವಿಶ್ವ ಚಾಂಪಿಯನ್‌ಶಿಪ್ ದಾಖಲೆಯನ್ನು ಅಂದು ಅಳಿಸಿದರು.

ಡೊಂಕೊವಾ ಅವರ ದಾಖಲೆ 2016ರಲ್ಲಿ ಬಿತ್ತು. 2022ರಲ್ಲಿ ಅಮೆರಿಕದ ಯುಜೀನ್‌ನಲ್ಲಿ ಅಮುಸಾನ್ 12.12 ಓಡಿದರು. ಈ ನಡುವೆ ದಪ್ಪ ಫೋಮು ಮತ್ತು ಗಡುಸು ತಗಡಿರುವ ಹೊಸ ಬಗೆಯ ಸ್ಪೈಕ್ ಶೂಗಳು ಬಂದಿವೆ, ಸಮಯಗಳು ಒಟ್ಟಾರೆ ಇಳಿದಿವೆ. ಆದ್ದರಿಂದ ಹಳೆಯ ಮತ್ತು ಹೊಸ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವಾಗ ಎಚ್ಚರ ಬೇಕು. ಹಾಗಿದ್ದೂ ಒಂದು ಹೋಲಿಕೆಯನ್ನು ತಡೆಯಲಾಗದು. 2021ರ ಟೋಕಿಯೊದಲ್ಲಿ ಪೋರ್ಟೊ ರಿಕೊದ ಜಾಸ್ಮಿನ್ ಕಮಾಚೊ-ಕ್ವಿನ್ ಸೆಮಿಫೈನಲ್‌ನಲ್ಲಿ 12.26 ಓಡಿ ಪಿಯರ್ಸನ್ ಅವರ ಒಲಿಂಪಿಕ್ಸ್ ದಾಖಲೆಯನ್ನು ಮುರಿದರು, ಆದರೆ ಫೈನಲ್ ಗೆದ್ದದ್ದು 12.37ರಲ್ಲಿ. ಲಂಡನ್ನಿನ ಮಳೆಯಲ್ಲಿ ಪಿಯರ್ಸನ್ ಓಡಿದ್ದು 12.35.

ಅವರ ನಿಜವಾದ ಪ್ರತಿಸ್ಪರ್ಧಿ ಯಾರು?

ಡಾನ್ ಹಾರ್ಪರ್. 2008ರಲ್ಲಿ ಹಾರ್ಪರ್ ಚಿನ್ನ, ಪಿಯರ್ಸನ್ ಬೆಳ್ಳಿ. 2012ರಲ್ಲಿ ಅದೇ ಇಬ್ಬರು, ಸ್ಥಾನ ಅದಲುಬದಲು. 2017ರಲ್ಲಿ ಮತ್ತೆ ಪಿಯರ್ಸನ್ ಮೊದಲು, ಹಾರ್ಪರ್ ಎರಡನೆಯವರು. ಒಂಬತ್ತು ವರ್ಷಗಳ ಅಂತರದ ಮೂರು ದೊಡ್ಡ ಫೈನಲ್‌ಗಳಲ್ಲಿ ಮೊದಲೆರಡು ಸ್ಥಾನಗಳನ್ನು ಇವರಿಬ್ಬರೇ ಹಂಚಿಕೊಂಡರು.

ಆಸ್ಟ್ರೇಲಿಯಾದಲ್ಲಿ ಮಹಿಳಾ ಹರ್ಡಲ್ಸ್‌ಗೆ ಮೊದಲೇ ಪರಂಪರೆ ಇತ್ತೇ?

ಇತ್ತು, ಅದೂ ಗಟ್ಟಿಯಾಗಿ. ಒಲಿಂಪಿಕ್ಸ್‌ನಲ್ಲಿ 1968ರವರೆಗೆ ಮಹಿಳೆಯರು ಓಡುತ್ತಿದ್ದದ್ದು 80 ಮೀಟರ್ ಹರ್ಡಲ್ಸ್. ಶರ್ಲಿ ಸ್ಟ್ರಿಕ್‌ಲ್ಯಾಂಡ್ ಅದನ್ನು 1952ರ ಹೆಲ್ಸಿಂಕಿಯಲ್ಲಿಯೂ 1956ರ ಮೆಲ್ಬರ್ನ್‌ನಲ್ಲಿಯೂ ಗೆದ್ದರು. 1968ರ ಮೆಕ್ಸಿಕೊದಲ್ಲಿ ಹದಿನೇಳರ ಮೊರೀನ್ ಕೇರ್ಡ್ ಚಿನ್ನ, ಪಾಮ್ ಕಿಲ್ಬೋರ್ನ್ ಬೆಳ್ಳಿ ಪಡೆದರು. 1972ರಲ್ಲಿ 100 ಮೀಟರ್ ಹರ್ಡಲ್ಸ್ ಬಂದ ಮೇಲೆ ಅದರಲ್ಲಿ ಚಿನ್ನ ಗೆದ್ದ ಮೊದಲ ಆಸ್ಟ್ರೇಲಿಯನ್ ಪಿಯರ್ಸನ್. 400 ಮೀಟರ್ ಹರ್ಡಲ್ಸ್‌ನಲ್ಲಿ ಡೆಬಿ ಫ್ಲಿಂಟಾಫ್-ಕಿಂಗ್ 1988ರ ಸೋಲ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಚಿನ್ನ ಗೆದ್ದಿದ್ದರು. ಪಿ.ಟಿ. ಉಷಾ ಅದೇ ನೂರನೇ ಒಂದು ಭಾಗದಿಂದ ಕಂಚು ಕಳೆದುಕೊಂಡ 1984ರ ಲಾಸ್ ಏಂಜಲೀಸ್ ಫೈನಲ್‌ನಲ್ಲಿ ಈ ಫ್ಲಿಂಟಾಫ್ ಕೂಡ ಇದ್ದರು, ಉಷಾ ಅವರ ಹಿಂದೆ, ಆರನೆಯವರಾಗಿ.

ನಮ್ಮ ಜ್ಯೋತಿ ಯರ್ರಾಜಿ ಅವರಿಗೂ ಇವರಿಗೂ ಎಷ್ಟು ಅಂತರ?

2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕೂಟದಲ್ಲಿ ಜ್ಯೋತಿ ಓಡಿದ ಸಮಯ 12.78. ಪಿಯರ್ಸನ್ ಅವರ 12.28ಕ್ಕೂ ಇದಕ್ಕೂ ಸರಿಯಾಗಿ ಅರ್ಧ ಸೆಕೆಂಡ್, ಟ್ರ್ಯಾಕಿನ ಮೇಲೆ ಸುಮಾರು ನಾಲ್ಕು ಮೀಟರ್. ಆದರೆ 2022ರ ಮೇ ತಿಂಗಳವರೆಗೂ ಭಾರತದ ದಾಖಲೆ 2002ರಲ್ಲಿ ಅನುರಾಧಾ ಬಿಸ್ವಾಲ್ ಓಡಿದ್ದ 13.38 ಆಗಿತ್ತು ಎಂಬುದನ್ನು ನೆನೆದರೆ, ಉಳಿದಿರುವ ಅಂತರಕ್ಕಿಂತ ಜ್ಯೋತಿ ತುಂಬಿದ ಅಂತರವೇ ದೊಡ್ಡದು. ಭಾರತದ ಮಹಿಳೆಯೊಬ್ಬರು 13 ಸೆಕೆಂಡಿನ ಗೋಡೆಯನ್ನು ನಿಯಮಬದ್ಧವಾಗಿ ಮೊದಲು ದಾಟಿದ್ದು ನಮ್ಮ ಬೆಂಗಳೂರಿನಲ್ಲಿಯೇ, 2022ರ ಅಕ್ಟೋಬರ್‌ನ ರಾಷ್ಟ್ರೀಯ ಓಪನ್ ಕೂಟದಲ್ಲಿ, 12.82ರಲ್ಲಿ. ಬೀಜಿಂಗ್‌ನಲ್ಲಿ ಪಿಯರ್ಸನ್‌ಗೆ ಬೆಳ್ಳಿ ತಂದ ಸಮಯ 12.64 ಎಂಬುದನ್ನು ಜ್ಯೋತಿಯ ಅಭಿಮಾನಿಗಳು ಗಮನಿಸಬಹುದು.

ಒಂದೇ ಒಂದು ಓಟ ನೋಡುವುದಾದರೆ ಯಾವುದನ್ನು ನೋಡಲಿ? ಏನನ್ನು ಗಮನಿಸಲಿ?

2017ರದ್ದು ದೊಡ್ಡದೆಂದು ಮೇಲೆ ಹೇಳಿದ್ದರೂ, ಮೊದಲ ಬಾರಿ ನೋಡುವವರು 2012ರ ಫೈನಲ್‌ನಿಂದ ಆರಂಭಿಸಲಿ. ಮೊದಲ ಸಲ ಪಿಯರ್ಸನ್ ಅವರ ತಲೆಯನ್ನು ಮಾತ್ರ ನೋಡಿ. ಹತ್ತು ಹರ್ಡಲ್‌ಗಳನ್ನು ದಾಟುವಾಗಲೂ ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಾಗುತ್ತದೆ, ಜಿಗಿತವೇ ಇಲ್ಲವೆಂಬಂತೆ. ಎರಡನೆಯ ಸಲ ಹಾರ್ಪರ್ ಅವರನ್ನು ನೋಡಿ, ಕೊನೆಯ ಹರ್ಡಲ್‌ಗಳಲ್ಲಿ ಅವರು ಎಷ್ಟು ಹತ್ತಿರ ಬರುತ್ತಾರೆ ಎಂಬುದು ಆಗ ತಿಳಿಯುತ್ತದೆ. ಮೂರನೆಯ ಸಲ ಓಟ ಮುಗಿದ ಮೇಲಿನ ಕ್ಷಣಗಳನ್ನು ನೋಡಿ. ಯಾರು ಗೆದ್ದರೆಂದು ಓಡಿದವರಿಗೂ ಗೊತ್ತಿಲ್ಲ, ಎಲ್ಲರ ಕಣ್ಣೂ ಫಲಕದ ಮೇಲೆ. ಅಲ್ಲಿ ಪಿಯರ್ಸನ್ ಹೆಸರು ಮೊದಲ ಸಾಲಿನಲ್ಲಿ ಮೂಡುತ್ತದೆ, ಅವರು ಕೂಗುತ್ತ ಒದ್ದೆ ಟ್ರ್ಯಾಕಿನ ಮೇಲೆ ಕುಸಿಯುತ್ತಾರೆ.